ಲೇಸಿಕ್ಕೋ ಐಸಿಎಲ್ಲೋ: ಕನ್ನಡಕ ಬಿಡುವ ಮುನ್ನ ನೀವೇ ಹಾಕಬೇಕಾದ ಲೆಕ್ಕ

“ಮೈನಸ್ ಆರು ಇದೆ. ಲೇಸಿಕ್ ಮಾಡಿಸಲೋ, ಕಣ್ಣೊಳಗೆ ಲೆನ್ಸ್ ಹಾಕಿಸಲೋ?” ಓದುಗರಿಂದ ಮತ್ತೆ ಮತ್ತೆ ಬರುವ ಪ್ರಶ್ನೆ ಇದು. ಲೇಸಿಕ್ ಎಂದರೆ ಲೇಸರಿನಿಂದ ಪವರ್ ತಿದ್ದುವುದು, ಐಸಿಎಲ್ ಎಂದರೆ ಕಣ್ಣೊಳಗೆ ಲೆನ್ಸ್ ಇಡುವುದು. ಇಷ್ಟೇ ಕೇಳಿದರೆ ಉತ್ತರ ಹೇಳಲು ಬರುವುದಿಲ್ಲ. ಮೈನಸ್ ಆರೇ ಇರುವ ಇಬ್ಬರಲ್ಲಿ ಒಬ್ಬರಿಗೆ ಲೇಸಿಕ್ ಸಲೀಸು, ಇನ್ನೊಬ್ಬರಿಗೆ ಅದೇ ಲೇಸಿಕ್ ಇರುವ ಕಣ್ಣನ್ನೂ ಕೆಡಿಸೀತು. ಕನ್ನಡಕದ ನಂಬರಿನ ಜೊತೆಗೆ ಕಾರ್ನಿಯಾ (ಕಣ್ಣಿನ ಮುಂಭಾಗದ ಪಾರದರ್ಶಕ ಪದರ) ಎಷ್ಟು ದಪ್ಪವಿದೆ, ಅದರ ಆಕಾರ ಹೇಗಿದೆ, ಅದರ ಹಿಂದೆ ಎಷ್ಟು ಜಾಗವಿದೆ, ಕತ್ತಲಲ್ಲಿ ಪಾಪೆ ಎಷ್ಟು ಹಿಗ್ಗುತ್ತದೆ ಎಂಬುದೆಲ್ಲ ಗೊತ್ತಾಗಬೇಕು. ಈ ಅಳತೆಗಳೆಲ್ಲ ಪರೀಕ್ಷೆಯ ವರದಿಯಲ್ಲೇ ಅಚ್ಚಾಗಿರುತ್ತವೆ. ಕೂಡುವುದು ಕಳೆಯುವುದು ಬಂದರೆ ಸಾಕು, ನೀವೇ ಓದಿಕೊಳ್ಳಬಹುದು. ವೈದ್ಯರನ್ನು ಬಿಟ್ಟು ನೀವೇ ತೀರ್ಮಾನ ಮಾಡಿ ಎಂದು ಹೇಳುತ್ತಿಲ್ಲ. ಅವರೆದುರು ಕೂತಾಗ ನೀವು ಪ್ಯಾಕೇಜಿನ ಬಗ್ಗೆ ಕೇಳದೆ ಅಳತೆಯ ಬಗ್ಗೆ ಕೇಳುವಂತಾಗಲಿ ಎಂಬುದಕ್ಕೆ ಈ ಲೇಖನ.

ಎರಡರಲ್ಲೂ ಏನು ನಡೆಯುತ್ತದೆ

ಸಮೀಪದೃಷ್ಟಿ ಎಂದರೆ ಹತ್ತಿರದ್ದು ಕಾಣುತ್ತದೆ, ದೂರದ್ದು ಮಸುಕು. ಬಹುಪಾಲು ಜನರಲ್ಲಿ ಕಣ್ಣುಗುಡ್ಡೆ ಹಿಂದಕ್ಕೆ ಉದ್ದ ಬೆಳೆದಿರುವುದೇ ಕಾರಣ. ಸಾಮಾನ್ಯ ಕಣ್ಣಿನ ಉದ್ದ ಸುಮಾರು 23.5 ಮಿ.ಮೀ. ಅದು ಒಂದು ಮಿ.ಮೀ. ಹೆಚ್ಚಾದರೆ ಎರಡೂವರೆಯಿಂದ ಮೂರು ಪವರ್ ಬರುತ್ತದೆ. ಬೆಳಕು ಹಿಂಭಾಗದ ರೆಟಿನಾ (ಚಿತ್ರ ಮೂಡುವ ಪದರ) ಮುಟ್ಟುವ ಮೊದಲೇ ಕೂಡಿಬಿಡುವುದರಿಂದ ದೂರದ ಬೋರ್ಡು, ಬಸ್ಸಿನ ನಂಬರ್ ಕಾಣುವುದಿಲ್ಲ.

ಲೇಸರ್ ಚಿಕಿತ್ಸೆ ಕಾರ್ನಿಯಾದ ಮೇಲೆ ನಡೆಯುತ್ತದೆ. ಕಾರ್ನಿಯಾ ಎಂದರೆ ಕರಿಗುಡ್ಡೆಯ ಮೇಲೆ ಗಡಿಯಾರದ ಗಾಜಿನಂತೆ ಕೂತಿರುವ ಪಾರದರ್ಶಕ ಭಾಗ. ಅದರ ನಡುಭಾಗವನ್ನು ಹೆರೆದು ಚಪ್ಪಟೆ ಮಾಡಿದರೆ ಬೆಳಕು ಸ್ವಲ್ಪ ಹಿಂದೆ ಹೋಗಿ ಕೂಡುತ್ತದೆ. ಹೆರೆದದ್ದು ಮತ್ತೆ ಬೆಳೆಯುವುದಿಲ್ಲ.

ಲೆನ್ಸ್ ಚಿಕಿತ್ಸೆಯಲ್ಲಿ ಕಾರ್ನಿಯಾ ಹೆರೆಯುವ ಕೆಲಸವಿಲ್ಲ. ಅಂಚಿನಲ್ಲಿ ಸುಮಾರು 3 ಮಿ.ಮೀ. ಸೀಳು ಮಾಡಿ, ಮಡಚಿದ ತೆಳು ಲೆನ್ಸನ್ನು ಒಳಗೆ ಬಿಟ್ಟು, ಐರಿಸ್ (ಪಾಪೆಯ ಸುತ್ತಲಿನ ಬಣ್ಣದ ಪರದೆ) ಮತ್ತು ನಿಮ್ಮ ಹುಟ್ಟು ಲೆನ್ಸ್ ಇವೆರಡರ ನಡುವೆ ಕೂರಿಸುತ್ತಾರೆ. ಇದನ್ನು ಕಣ್ಣಿನ ಪೊರೆಯ ಆಪರೇಷನ್ನಿನಲ್ಲಿ ಹಾಕುವ ಲೆನ್ಸ್ ಎಂದುಕೊಳ್ಳುವವರು ಬಹಳ. ಪೊರೆ ಆಪರೇಷನ್ನಿನಲ್ಲಿ ಹುಟ್ಟು ಲೆನ್ಸನ್ನು ತೆಗೆದು ಬೇರೆಯದನ್ನು ಇಡುತ್ತಾರೆ. ಇಲ್ಲಿ ಹುಟ್ಟು ಲೆನ್ಸ್ ತನ್ನ ಪಾಡಿಗೆ ಇರುತ್ತದೆ, ಹತ್ತಿರದ್ದಕ್ಕೆ ಫೋಕಸ್ ಮಾಡುವ ಅದರ ಕೆಲಸವೂ ಉಳಿಯುತ್ತದೆ. 30 ವರ್ಷದವರಿಗೆ ಯಾರಾದರೂ “ಹುಟ್ಟು ಲೆನ್ಸನ್ನೇ ತೆಗೆದುಬಿಡೋಣ” ಎಂದರೆ ಎದ್ದು ಇನ್ನೊಬ್ಬರ ಅಭಿಪ್ರಾಯ ಕೇಳಿ. ಹಾಗೆ ತೆಗೆದರೆ ಆ ವಯಸ್ಸಿಗೇ ಓದುವ ಕನ್ನಡಕ ಬರುತ್ತದೆ, ಹೆಚ್ಚು ಮೈನಸ್ ಇರುವ ಕಣ್ಣಿನಲ್ಲಿ ರೆಟಿನಾ ಕಳಚುವ ಅಪಾಯವೂ ಏರುತ್ತದೆ.

ಜಾಹೀರಾತಿನಲ್ಲಿ ಬರುವ ಹೆಸರುಗಳನ್ನು ಬಿಡಿಸಿಕೊಳ್ಳಿ:

ಲೇಸಿಕ್: ಕಾರ್ನಿಯಾದ ಮೇಲ್ಪದರದಲ್ಲಿ ಮುಚ್ಚಳದಂತೆ ಒಂದು ಫ್ಲ್ಯಾಪ್ ಎಬ್ಬಿಸಿ, ಕೆಳಗಿನ ಅಂಗಾಂಶವನ್ನು ಎಕ್ಸೈಮರ್ ಲೇಸರಿನಿಂದ ಹೆರೆದು, ಮತ್ತೆ ಮುಚ್ಚುವುದು. “ಬ್ಲೇಡ್‌ಲೆಸ್” ಎಂದರೆ ಫ್ಲ್ಯಾಪನ್ನೂ ಲೇಸರಿನಿಂದಲೇ ಕತ್ತರಿಸುತ್ತಾರೆ ಎಂದಷ್ಟೇ ಅರ್ಥ. “ಕಾಂಟೂರಾ” ಎಂದರೆ ಕಾರ್ನಿಯಾದ ಏರುತಗ್ಗುಗಳ ನಕ್ಷೆ ನೋಡಿಕೊಂಡು ಹೆರೆಯುವ ಲೇಸಿಕ್.

ಪಿಆರ್‌ಕೆ: ಫ್ಲ್ಯಾಪ್ ಇಲ್ಲ. ಮೇಲಿನ ಚರ್ಮದಂಥ ತೆಳುಪದರವನ್ನು ಸರಿಸಿ ನೇರವಾಗಿ ಹೆರೆಯುವುದು. ಮೂರು ದಿನ ಚೆನ್ನಾಗಿಯೇ ನೋಯುತ್ತದೆ.

ಸ್ಮೈಲ್: ಕಾರ್ನಿಯಾದ ಒಳಗೇ ಲೇಸರಿನಿಂದ ಒಂದು ಪುಟ್ಟ ಬಿಲ್ಲೆ ಕೊರೆದು, 2ರಿಂದ 4 ಮಿ.ಮೀ. ರಂಧ್ರದಿಂದ ಅದನ್ನು ಎಳೆದು ತೆಗೆಯುವುದು. ಸಿಲ್ಕ್, ಕ್ಲಿಯರ್ ಎಂಬವು ಬೇರೆ ಕಂಪನಿಗಳ ಯಂತ್ರದಲ್ಲಿ ಮಾಡುವ ಇದೇ ಜಾತಿಯ ಕೆಲಸ.

ಐಸಿಎಲ್: ಸ್ಟಾರ್ ಸರ್ಜಿಕಲ್ ಕಂಪನಿಯ, ಕಾಲಮರ್ ಎಂಬ ವಸ್ತುವಿನಿಂದ ಮಾಡಿದ ಲೆನ್ಸ್. ವಡೋದರದಲ್ಲಿ ತಯಾರಾಗುವ ಐಪಿಸಿಎಲ್ ಕೂಡ ಇದೇ ಜಾಗದಲ್ಲಿ ಕೂರುತ್ತದೆ, ಆದರೆ ಅದರ ವಸ್ತು ಬೇರೆ, ಅಕ್ರಿಲಿಕ್. ಎರಡನ್ನೂ “ಐಸಿಎಲ್” ಎಂದೇ ಕರೆಯುವ ರೂಢಿ ಇರುವುದರಿಂದ ನಿಮಗೆ ಯಾವುದನ್ನು ಹೇಳುತ್ತಿದ್ದಾರೆಂದು ಕೇಳಿ ಬರೆದಿಟ್ಟುಕೊಳ್ಳಿ. ಇನ್ನೊಂದು ಮಾತು: ಕಾಲಮರ್‌ನಲ್ಲಿ ಅತ್ಯಲ್ಪ ಪ್ರಮಾಣದಲ್ಲಿ ಹಂದಿಯಿಂದ ಪಡೆದ ಕೊಲಾಜೆನ್ ಇರುತ್ತದೆ. ಆಹಾರದ ಅಥವಾ ಧರ್ಮದ ಕಾರಣಕ್ಕೆ ಇದು ನಿಮಗೆ ಮುಖ್ಯವಾಗಿದ್ದರೆ ಮೊದಲೇ ಹೇಳಿ. ಆಪರೇಷನ್ ಆದ ಮೇಲೆ ಗೊತ್ತಾಗಿ ಬೇಜಾರಾಗುವುದಕ್ಕಿಂತ ಅದು ಮೇಲು.

ಹಂತ 1: ಪವರ್ ನಿಂತಿದೆಯೇ ನೋಡಿ

ಹಳೆಯ ಕನ್ನಡಕದ ಚೀಟಿಗಳನ್ನು ಹುಡುಕಿ ತೆಗೆಯಿರಿ. ಕಳೆದ ಒಂದು ವರ್ಷದಲ್ಲಿ ಪವರ್ 0.5ಕ್ಕಿಂತ ಹೆಚ್ಚು ಬದಲಾಗಿರಬಾರದು. 18 ವರ್ಷ ತುಂಬಿರಬೇಕು ಎಂಬುದು ಕನಿಷ್ಠ. ಐಸಿಎಲ್‌ಗೆ ಅಮೆರಿಕದ ಎಫ್‌ಡಿಎ (ಔಷಧಿ, ವೈದ್ಯಕೀಯ ಸಾಧನಗಳಿಗೆ ಒಪ್ಪಿಗೆ ಕೊಡುವ ಸರ್ಕಾರಿ ಸಂಸ್ಥೆ) ಹೇಳುವ ವಯಸ್ಸು 21ರಿಂದ 45. ದಿನವಿಡೀ ಸ್ಕ್ರೀನ್ ನೋಡುವ ಕೆಲಸದವರಿಗೆ 22, 23 ದಾಟಿದ ಮೇಲೂ ಪವರ್ ಏರುವುದುಂಟು. ಮದುವೆ ಗೊತ್ತಾಗಿದೆ, ಅದಕ್ಕೇ ಅವಸರ ಎನ್ನುವುದು ನಿಮ್ಮ ತೊಂದರೆ, ಕಣ್ಣಿನದಲ್ಲ.

ಬಸುರಿಯಾಗಿದ್ದರೆ, ಮಗುವಿಗೆ ಹಾಲುಣಿಸುತ್ತಿದ್ದರೆ ಮುಂದಕ್ಕೆ ಹಾಕಿ. ಹಾರ್ಮೋನುಗಳ ಏರಿಳಿತದಲ್ಲಿ ಪವರ್ ಅಲುಗಾಡುತ್ತದೆ, ಕಣ್ಣೂ ಒಣಗುತ್ತದೆ. ಹಾಲು ಬಿಡಿಸಿ ಮೂರು ತಿಂಗಳಾದ ಮೇಲೆ ಅಳತೆ ತೆಗೆಸಿದರೆ ಭರವಸೆ ಇಡಬಹುದು.

ಹಂತ 2: ಪರೀಕ್ಷೆಗೆ ಹೋಗುವ ಮುನ್ನ

ಇಲ್ಲಿ ಆಗುವ ತಪ್ಪು ಮುಂದಿನ ಎಲ್ಲ ಲೆಕ್ಕವನ್ನೂ ಕೆಡಿಸುತ್ತದೆ. ಕಾಂಟ್ಯಾಕ್ಟ್ ಲೆನ್ಸ್ ಕಾರ್ನಿಯಾವನ್ನು ಒತ್ತಿ ಅದರ ಆಕಾರವನ್ನೇ ತಾತ್ಕಾಲಿಕವಾಗಿ ಬದಲಿಸಿರುತ್ತದೆ. ಮೃದು ಲೆನ್ಸ್ ಹಾಕುವವರು ಕನಿಷ್ಠ ಒಂದು ವಾರ, ಸಿಲಿಂಡರ್ ಪವರಿನ (ಒಂದೊಂದು ದಿಕ್ಕಿನಲ್ಲಿ ಒಂದೊಂದು ಪವರ್ ಇರುವ ದೋಷ) ಮೃದು ಲೆನ್ಸ್ ಇದ್ದರೆ ಎರಡು ವಾರ, ಗಟ್ಟಿ ಲೆನ್ಸ್ ಇದ್ದರೆ ಮೂರು ನಾಲ್ಕು ವಾರ ಬಿಟ್ಟು ಹೋಗಿ. “ನಿನ್ನೆ ರಾತ್ರಿಯೇ ತೆಗೆದೆ” ಎಂದರೆ ಸಾಲದು. ಕೌಂಟರಿನಲ್ಲಿ ಯಾರೂ ಕೇಳದಿದ್ದರೂ ನೀವೇ ಹೇಳಬೇಕು.

ಪಾಪೆ ಹಿಗ್ಗಿಸುವ ಹನಿ ಹಾಕುತ್ತಾರೆ, ಅದಾದ ಮೇಲೆ ಕೆಲವು ಗಂಟೆ ಹತ್ತಿರದ್ದು ಕಾಣುವುದಿಲ್ಲ, ಬಿಸಿಲು ಚುಚ್ಚುತ್ತದೆ. ಸ್ಕೂಟರ್ ತರಬೇಡಿ, ಜೊತೆಗೆ ಯಾರನ್ನಾದರೂ ಕರೆತನ್ನಿ. ಈ ಹನಿ ಬೇಡ ಎಂದು ತಪ್ಪಿಸಿಕೊಳ್ಳಲೂ ಬೇಡಿ. ಚಿಕ್ಕ ವಯಸ್ಸಿನವರ ಕಣ್ಣು ಪರೀಕ್ಷೆಯ ಹೊತ್ತಿನಲ್ಲಿ ತಾನೇ ಬಿಗಿಹಿಡಿದು ಇರುವುದಕ್ಕಿಂತ ಹೆಚ್ಚು ಮೈನಸ್ ತೋರಿಸುತ್ತದೆ. ಆ ಬಿಗಿತ ಸಡಿಲಿಸಿದಾಗಲೇ ನಿಜವಾದ ಪವರ್ ಸಿಗುವುದು.

ತೆಗೆದುಕೊಳ್ಳುವ ಮಾತ್ರೆಗಳ ಪಟ್ಟಿ ಒಯ್ಯಿರಿ. ಮೊಡವೆಗೆ ಕೊಡುವ ಐಸೊಟ್ರೆಟಿನೋಯಿನ್ ಕಣ್ಣನ್ನು ಒಣಗಿಸುತ್ತದೆ. ಸಂಧಿವಾತ, ಲೂಪಸ್‌ನಂಥ ಕಾಯಿಲೆ, ಹಿಡಿತಕ್ಕೆ ಸಿಗದ ಸಕ್ಕರೆ ಕಾಯಿಲೆ ಇದ್ದರೆ ಗಾಯ ಮಾಯುವುದು ತಡವಾಗುತ್ತದೆ. ಅಲರ್ಜಿಯಿಂದ ಕಣ್ಣು ಉಜ್ಜುವ ಅಭ್ಯಾಸವಿದ್ದರೆ ನಾಚಿಕೊಳ್ಳದೆ ಹೇಳಿ. ಮನೆಯಲ್ಲಿ ಯಾರಿಗಾದರೂ ಕೆರಟೋಕೋನಸ್ (ಕಾರ್ನಿಯಾ ತೆಳುವಾಗಿ ಶಂಕುವಿನಂತೆ ಮುಂದಕ್ಕೆ ಉಬ್ಬುವ ಕಾಯಿಲೆ) ಇದ್ದರೆ ಅದನ್ನಂತೂ ಮುಚ್ಚಿಡಬೇಡಿ.

ಹಂತ 3: ಪರೀಕ್ಷೆಯ ವರದಿ ಕೈಗೆ ಪಡೆಯಿರಿ

ಪೂರ್ತಿ ಪರೀಕ್ಷೆಗೆ ಎರಡು ಮೂರು ಗಂಟೆ ಹಿಡಿಯುತ್ತದೆ. ಅರ್ಧ ಗಂಟೆಯಲ್ಲಿ ಮುಗಿಸಿ “ನಾಳೆಯೇ ಮಾಡೋಣ” ಎಂದರೆ ಏನೋ ಬಿಟ್ಟುಹೋಗಿದೆ ಎಂದೇ ಲೆಕ್ಕ. ವರದಿಯ ಪ್ರತಿ ಕೇಳಿ ಪಡೆದು ಇವುಗಳನ್ನು ಗುರುತು ಹಾಕಿಕೊಳ್ಳಿ:

1. ಕಾರ್ನಿಯಾದ ದಪ್ಪ, ಅತಿ ತೆಳುವಾದ ಬಿಂದುವಿನಲ್ಲಿ. ಪ್ಯಾಕಿಮೆಟ್ರಿ ಎಂದು ಬರೆದಿರುತ್ತದೆ, ಮೈಕ್ರಾನ್ ಲೆಕ್ಕದಲ್ಲಿ. ಸಾವಿರ ಮೈಕ್ರಾನ್ ಸೇರಿದರೆ ಒಂದು ಮಿ.ಮೀ. ಹೆಚ್ಚಿನವರಲ್ಲಿ 500ರಿಂದ 550ರ ನಡುವೆ ಇರುತ್ತದೆ.

2. ಕಾರ್ನಿಯಾದ ನಕ್ಷೆ. ಟೋಪೋಗ್ರಫಿ, ಪೆಂಟಾಕ್ಯಾಮ್ ಎನ್ನುತ್ತಾರೆ. ಬಣ್ಣಬಣ್ಣದ ನಾಲ್ಕು ವೃತ್ತಗಳಿರುವ ಹಾಳೆ. ಮುಂಭಾಗದ ಜೊತೆ ಹಿಂಭಾಗದ ಉಬ್ಬನ್ನೂ ಅಳೆದಿರಬೇಕು, ಕೆರಟೋಕೋನಸ್ ಮೊದಲು ತಲೆ ಎತ್ತುವುದು ಅಲ್ಲೇ.

3. ಮುಂಗೋಣೆಯ ಆಳ. ವರದಿಯಲ್ಲಿ ಎಸಿಡಿ ಎಂದಿರುತ್ತದೆ. ಕಾರ್ನಿಯಾದ ಒಳಮೈಯಿಂದ ಹುಟ್ಟು ಲೆನ್ಸಿನವರೆಗಿನ ದೂರ ಇದು. ಕೆಲವು ಯಂತ್ರಗಳು ಕಾರ್ನಿಯಾದ ದಪ್ಪವನ್ನೂ ಸೇರಿಸಿ ತೋರಿಸುತ್ತವೆ, ಅದು ಸುಮಾರು ಅರ್ಧ ಮಿ.ಮೀ. ಹೆಚ್ಚು. ಯಾವ ಲೆಕ್ಕ ಎಂದು ಕೇಳಿ.

4. ಬಿಳಿಯಿಂದ ಬಿಳಿಗೆ ಅಡ್ಡಳತೆ. ಕರಿಗುಡ್ಡೆಯ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ. ಒಳಗಿಡುವ ಲೆನ್ಸಿನ ಸೈಜ್ ತೀರ್ಮಾನಿಸಲು ಇದು ಬೇಕು.

5. ಎಂಡೋಥೀಲಿಯಂ ಕೋಶಗಳ ಎಣಿಕೆ. ಕಾರ್ನಿಯಾದ ಒಳಮೈಯಲ್ಲಿ ಒಂದೇ ಪದರವಾಗಿ ಹಾಸಿರುವ ಈ ಕೋಶಗಳು ನೀರನ್ನು ಹೊರಹಾಕಿ ಕಾರ್ನಿಯಾವನ್ನು ತಿಳಿಯಾಗಿಡುತ್ತವೆ. ಸತ್ತರೆ ಮತ್ತೆ ಹುಟ್ಟುವುದಿಲ್ಲ.

6. ಕತ್ತಲಲ್ಲಿ ಪಾಪೆಯ ಅಗಲ.

7. ಕಣ್ಣಿನ ಒತ್ತಡ, ಕಣ್ಣೀರಿನ ಪರೀಕ್ಷೆ.

8. ಪಾಪೆ ಹಿಗ್ಗಿಸಿ ಮಾಡಿದ ರೆಟಿನಾ ಪರೀಕ್ಷೆ.

ಎಂಟನೆಯದನ್ನು ಕೊನೆಗೆ ಬರೆದರೂ ಹೆಚ್ಚು ಮೈನಸ್ ಇರುವವರಿಗೆ ಮೊದಲು ಆಗಬೇಕಾದದ್ದು ಅದೇ. ಉದ್ದವಾದ ಕಣ್ಣಿನಲ್ಲಿ ರೆಟಿನಾ ಎಳೆದು ತೆಳುವಾಗಿರುತ್ತದೆ, ಅಂಚಿನಲ್ಲಿ ಸಣ್ಣ ತೂತು ಬಿದ್ದಿರಬಹುದು. ಅಂಥದ್ದಿದ್ದರೆ ಸುತ್ತ ಲೇಸರಿನಿಂದ ಬೆಸುಗೆ ಹಾಕಿ, ಕೆಲವು ವಾರ ಕಾದು, ಆಮೇಲೆ ಪವರಿನ ಚಿಕಿತ್ಸೆ. ಮತ್ತೆ ಇದನ್ನು ನೆನಪಿಡಿ: ಲೇಸಿಕ್ ಮಾಡಿಸಲಿ, ಲೆನ್ಸ್ ಹಾಕಿಸಲಿ, ಕಣ್ಣುಗುಡ್ಡೆ ಉದ್ದವಾಗಿಯೇ ಉಳಿಯುತ್ತದೆ. ಕನ್ನಡಕ ಹೋಯಿತು, ಇನ್ನು ರೆಟಿನಾ ಪರೀಕ್ಷೆ ಬೇಡ ಎಂದುಕೊಳ್ಳುವುದು ದೊಡ್ಡ ತಪ್ಪು. ವರ್ಷಕ್ಕೊಮ್ಮೆ ತೋರಿಸುತ್ತಲೇ ಇರಬೇಕು.

ಹಂತ 4: ಲೇಸರಿಗೆ ನಿಮ್ಮ ಕಾರ್ನಿಯಾ ಸಾಲುತ್ತದೆಯೇ? ಕಳೆಯುವ ಲೆಕ್ಕ

ಪೆನ್ನು ತೆಗೆದುಕೊಳ್ಳಿ. ಮೂರು ಅಂಕಿ ಬೇಕು: ಒಟ್ಟು ದಪ್ಪ, ಫ್ಲ್ಯಾಪಿನ ದಪ್ಪ, ಹೆರೆಯುವ ಆಳ.

ಲೇಸರಿನ ಫ್ಲ್ಯಾಪ್ ಸುಮಾರು 100ರಿಂದ 110 ಮೈಕ್ರಾನ್. ಹೆರೆಯುವ ಆಳ ಒಂದು ಪವರಿಗೆ ಎಷ್ಟು ಎಂಬುದು ಹೆರೆಯುವ ವೃತ್ತದ ಅಗಲದ ಮೇಲಿದೆ. ಅಂದಾಜಿಗೆ ಆ ಅಗಲವನ್ನು ಅದರಿಂದಲೇ ಗುಣಿಸಿ ಮೂರರಿಂದ ಭಾಗಿಸಿ. ವೃತ್ತ 6 ಮಿ.ಮೀ. ಆದರೆ ಪವರಿಗೆ 12 ಮೈಕ್ರಾನ್, 6.5 ಆದರೆ 14.

ಒಂದು ಕಣ್ಣು: ದಪ್ಪ 540, ಪವರ್ ಮೈನಸ್ 5. ಹೆರೆಯುವುದು 14 × 5 = 70. ಉಳಿಯುವುದು 540 − 110 − 70 = 360. ಯಾರೂ ತಲೆ ಕೆಡಿಸಿಕೊಳ್ಳಬೇಕಿಲ್ಲ.

ಇನ್ನೊಂದು: ದಪ್ಪ 500, ಪವರ್ ಮೈನಸ್ 9. ಹೆರೆಯುವುದು 14 × 9 = 126. ಉಳಿಯುವುದು 500 − 110 − 126 = 264.

ಕೆಳಗೆ ಕನಿಷ್ಠ 250 ಮೈಕ್ರಾನ್ ಉಳಿಯಬೇಕು ಎಂಬುದು ಹಳೆಯ ನಿಯಮ. ಆ ಪ್ರಕಾರ ಎರಡನೆಯ ಕಣ್ಣೂ ಪಾಸು. ಆದರೆ ಇದನ್ನು ಇನ್ನೊಂದು ರೀತಿಯಲ್ಲೂ ನೋಡಬೇಕು. ಮುಟ್ಟಿದ ಭಾಗ (ಫ್ಲ್ಯಾಪ್ ಮತ್ತು ಹೆರೆದದ್ದು ಸೇರಿ) ಒಟ್ಟು ದಪ್ಪದಲ್ಲಿ ಎಷ್ಟು ಪಾಲು? ಮೊದಲ ಕಣ್ಣಿನಲ್ಲಿ 180 ಭಾಗಿಸು 540, ಅಂದರೆ ಶೇ 33. ಎರಡನೆಯದರಲ್ಲಿ 236 ಭಾಗಿಸು 500, ಶೇ 47. ಈ ಪಾಲು ಶೇ 40 ದಾಟಿದರೆ ಕಾರ್ನಿಯಾ ಮುಂದೆ ಸೋತು ಉಬ್ಬುವ (ಎಕ್ಟೇಸಿಯಾ ಎನ್ನುತ್ತಾರೆ) ಅಪಾಯ ಏರುತ್ತದೆ. ಇತ್ತೀಚೆಗೆ ಬಹಳ ಸರ್ಜನ್ನರು 280, 300 ಉಳಿಯಲೇಬೇಕು ಎನ್ನುವುದೂ ಇದಕ್ಕೇ. ಆ ಎರಡನೆಯ ಕಣ್ಣು ಲೇಸಿಕ್ಕಿಗೆ ಹೋಗಬಾರದು.

ಇಲ್ಲೇ ಒಂದು ಜಾಣತನ ನಡೆಯುತ್ತದೆ. ವೃತ್ತವನ್ನು 6 ಮಿ.ಮೀ.ಗೆ ಇಳಿಸಿದರೆ ಹೆರೆಯುವುದು 108ಕ್ಕೆ ಇಳಿಯುತ್ತದೆ, ಉಳಿಯುವುದು 282. ಕಾಗದದ ಮೇಲೆ ಚೆಂದ ಕಾಣುತ್ತದೆ, ಆದರೂ ಪಾಲು ಶೇ 43ರ ಮೇಲೆಯೇ. ಸಾಲದ್ದಕ್ಕೆ ಕತ್ತಲಲ್ಲಿ ನಿಮ್ಮ ಪಾಪೆ 7 ಮಿ.ಮೀ. ಹಿಗ್ಗುವುದಾದರೆ, ಹೆರೆದ ವೃತ್ತದ ಆಚೆಯಿಂದಲೂ ಬೆಳಕು ಒಳಬರುತ್ತದೆ. ರಾತ್ರಿ ಹೆದ್ದಾರಿಯಲ್ಲಿ ಎದುರಿನ ಹೆಡ್‌ಲೈಟಿನ ಸುತ್ತ ಬಳೆ, ಜೇಡರಬಲೆಯಂಥ ಕಿರಣ ಕಾಣುವುದು ಹೀಗೆ. ಆದ್ದರಿಂದ “ಎಷ್ಟು ಅಗಲದ ವೃತ್ತ ಇಡುತ್ತೀರಿ?” ಎಂದು ಕೇಳಲು ಮರೆಯಬೇಡಿ.

ಪಿಆರ್‌ಕೆಯಲ್ಲಿ ಫ್ಲ್ಯಾಪಿನ ಖರ್ಚಿಲ್ಲ, ತೆಳು ಕಾರ್ನಿಯಾಕ್ಕೆ ಅಷ್ಟು ಉಳಿತಾಯ. ಸ್ಮೈಲ್‌ನಲ್ಲಿ ಮೇಲೆ ಸುಮಾರು 120 ಮೈಕ್ರಾನಿನ ಪದರ ಬಿಟ್ಟು ಬಿಲ್ಲೆ ತೆಗೆಯುತ್ತಾರೆ. ಫ್ಲ್ಯಾಪ್ ಇಲ್ಲ ನಿಜ, ಅಂಗಾಂಶ ತೆಗೆಯುವುದು ಮಾತ್ರ ಕಡಿಮೆಯೇನಲ್ಲ. “ಸ್ಮೈಲ್ ಆದರೆ ತೆಳು ಕಾರ್ನಿಯಾಕ್ಕೂ ಆಗುತ್ತದೆ” ಎಂಬ ಮಾತನ್ನು ಅಷ್ಟಕ್ಕಷ್ಟೇ ನಂಬಿ.

ಇನ್ನು ನಕ್ಷೆಯಲ್ಲಿ ಸಂಶಯ ಬಂದರೆ ದಪ್ಪ 560 ಇದ್ದರೂ ಲೇಸರ್ ಬೇಡ. ಆಕಾರವೇ ಸರಿಯಿಲ್ಲದ ಕಡೆ ದಪ್ಪದ ಲೆಕ್ಕ ನಿಲ್ಲುವುದಿಲ್ಲ.

ಅಂದ ಹಾಗೆ, ಎಕ್ಸೈಮರ್ ಲೇಸರ್ ಸುಡದೆ, ಕರಟಿಸದೆ ಅಂಗಾಂಶವನ್ನು ಪದರಪದರವಾಗಿ ತೆಗೆಯಬಲ್ಲದು ಎಂದು 1981ರಲ್ಲಿ ಐಬಿಎಂ ಪ್ರಯೋಗಾಲಯದಲ್ಲಿ ಕಂಡುಕೊಂಡ ಮೂವರಲ್ಲಿ ಒಬ್ಬರು ಭಾರತದಲ್ಲಿ ಹುಟ್ಟಿದ ರಂಗಸ್ವಾಮಿ ಶ್ರೀನಿವಾಸನ್. ಅವರು ಮೊದಲು ಪ್ರಯೋಗಿಸಿದ್ದು ಹಬ್ಬದೂಟದಲ್ಲಿ ಉಳಿದ ಟರ್ಕಿ ಕೋಳಿಯ ತುಂಡಿನ ಮೇಲೆ.

ಹಂತ 5: ಒಳಗೆ ಲೆನ್ಸಿಗೆ ಜಾಗವಿದೆಯೇ?

ಇಲ್ಲಿ ಕಾರ್ನಿಯಾದ ದಪ್ಪ ಮುಖ್ಯವಲ್ಲ, ಕೋಣೆಯ ಆಳ ಮುಖ್ಯ. ಕಾರ್ನಿಯಾದ ಒಳಮೈಯಿಂದ ಅಳೆದರೆ ಎಫ್‌ಡಿಎ ಪ್ರಕಾರ 3 ಮಿ.ಮೀ. ಇರಬೇಕು. ಯುರೋಪಿನ ಮಾನದಂಡದಲ್ಲಿ 2.8 ಆದರೂ ನಡೆಯುತ್ತದೆ. ಅದಕ್ಕಿಂತ ಕಡಿಮೆ ಇದ್ದರೆ ಲೆನ್ಸಿನ ಆಸೆ ಬಿಡಿ. ಎಂಡೋಥೀಲಿಯಂ ಕೋಶಗಳ ಎಣಿಕೆ ಒಂದು ಚದರ ಮಿ.ಮೀ.ಗೆ ಎರಡು ಸಾವಿರಕ್ಕಿಂತ ಮೇಲಿರಬೇಕು. ವಯಸ್ಸು ಚಿಕ್ಕದಾದಷ್ಟೂ ಇನ್ನೂ ಹೆಚ್ಚಿರಬೇಕು, ಏಕೆಂದರೆ ಅವು ಜೀವಮಾನವಿಡೀ ಸಾಲಬೇಕು.

ಪವರಿನ ವಿಷಯದಲ್ಲಿ ಲೆನ್ಸಿನ ಕೈ ಉದ್ದ. ಲೇಸಿಕ್ಕಿಗೆ ಮೈನಸ್ 8 ದಾಟಿದ ಮೇಲೆ ಹೆಚ್ಚಿನ ಸರ್ಜನ್ನರು ಹಿಂದೆಮುಂದೆ ನೋಡುತ್ತಾರೆ. ಐಸಿಎಲ್ ಮೈನಸ್ 18ರ ಆಸುಪಾಸಿನವರೆಗೂ ಸಿಗುತ್ತದೆ. ಇನ್ನೊಂದು ಲಾಭವೂ ಇದೆ: ಮೈನಸ್ 10ರ ಕನ್ನಡಕ ಎಲ್ಲವನ್ನೂ ಚಿಕ್ಕದು ಮಾಡಿ ತೋರಿಸುತ್ತದೆ. ಲೆನ್ಸ್ ಕಣ್ಣೊಳಗೇ ಇದ್ದರೆ ವಸ್ತು ಅದರ ಗಾತ್ರದಲ್ಲೇ ಕಾಣುತ್ತದೆ, ಕನ್ನಡಕದಲ್ಲಿ ಓದಲಾಗದ ಸಾಲನ್ನೂ ಕೆಲವರು ಓದುತ್ತಾರೆ. ಮೈನಸ್ 3ಕ್ಕಿಂತ ಕಡಿಮೆ ಇದ್ದು ಕಾರ್ನಿಯಾ ಚೆನ್ನಾಗಿದ್ದರೆ ಕಣ್ಣೊಳಗೆ ಕೈ ಹಾಕಿಸುವ ಅಗತ್ಯ ಕಾಣುವುದಿಲ್ಲ.

ಈಗ ಲೆನ್ಸಿನಲ್ಲಿ ಎಲ್ಲಕ್ಕಿಂತ ಹೆಚ್ಚು ಎಡವುವ ಜಾಗ: ಸೈಜ್. ಐಸಿಎಲ್ ಬರುವುದು ನಾಲ್ಕೇ ಉದ್ದದಲ್ಲಿ, 12.1, 12.6, 13.2 ಮತ್ತು 13.7 ಮಿ.ಮೀ. ಇದು ಚಪ್ಪಲಿ ಕೊಂಡಂತೆಯೇ, ಎರಡು ನಂಬರಿನ ನಡುವಿನ ಕಾಲಿನವರಿಗೆ ಕಷ್ಟ. ಲೆನ್ಸ್ ಕೂತ ಮೇಲೆ ಅದಕ್ಕೂ ಹಿಂದಿರುವ ಹುಟ್ಟು ಲೆನ್ಸಿಗೂ ನಡುವೆ ಒಂದು ಸಂದು ಉಳಿಯಬೇಕು. ಅದಕ್ಕೆ ವಾಲ್ಟ್ ಎನ್ನುತ್ತಾರೆ. 250ರಿಂದ 750 ಮೈಕ್ರಾನ್ ಇದ್ದರೆ ನೆಮ್ಮದಿ. ಲೆನ್ಸ್ ಚಿಕ್ಕದಾದರೆ ಅದು ಹಿಂದಕ್ಕೆ ಬಾಗಿ ಹುಟ್ಟು ಲೆನ್ಸಿಗೆ ತಾಗುವಷ್ಟು ಹತ್ತಿರ ಹೋಗುತ್ತದೆ, ಕಾಲಕ್ರಮದಲ್ಲಿ ಪೊರೆ ಬರಬಹುದು. ದೊಡ್ಡದಾದರೆ ಕಮಾನಿನಂತೆ ಮುಂದಕ್ಕೆ ಉಬ್ಬಿ ಐರಿಸನ್ನು ತಳ್ಳುತ್ತದೆ, ನೀರು ಹೊರಹೋಗುವ ಕೋನ ಮುಚ್ಚಿಕೊಂಡು ಒತ್ತಡ ಏರುತ್ತದೆ. ಎರಡಕ್ಕೂ ಮದ್ದು ಒಂದೇ, ಲೆನ್ಸ್ ತೆಗೆದು ಬೇರೆ ಸೈಜ್ ಹಾಕುವುದು.

ಹಾಗಾಗಿ ಬಿಳಿಯಿಂದ ಬಿಳಿಗೆ ಅಳತೆಯನ್ನು ಒಂದೇ ಯಂತ್ರದಲ್ಲಿ ಒಂದೇ ಸಲ ತೆಗೆದು ಆರ್ಡರ್ ಕಳಿಸುವ ಕಡೆ ಎಚ್ಚರ. ಎರಡು ಯಂತ್ರಗಳಲ್ಲಿ ತಾಳೆ ನೋಡುವುದು, ಸಾಧ್ಯವಾದರೆ ಯುಬಿಎಂ (ಕಣ್ಣಿನ ಮುಂಭಾಗದ ಅಲ್ಟ್ರಾಸೌಂಡ್) ಮಾಡಿ ಲೆನ್ಸ್ ನಿಜವಾಗಿ ಕೂರುವ ಸಂದಿನ ಅಗಲವನ್ನೇ ಅಳೆಯುವುದು ಒಳ್ಳೆಯ ಪದ್ಧತಿ. ಸೈಜ್ ತಪ್ಪಿದರೆ ಬದಲಿ ಲೆನ್ಸಿನ ಖರ್ಚು ಯಾರದು ಎಂದು ಮೊದಲೇ ಕೇಳಿಡಿ.

ಸಿಲಿಂಡರ್ ಪವರ್ ಇದ್ದವರಿಗೆ ಟೋರಿಕ್ ಲೆನ್ಸ್ ಬೇಕು. ಅದು ನಿಗದಿತ ಕೋನದಲ್ಲೇ ಕೂರಬೇಕು. 10 ಡಿಗ್ರಿ ತಿರುಗಿದರೆ ಸಿಲಿಂಡರ್ ತಿದ್ದುಪಡಿಯ ಮೂರನೇ ಒಂದು ಪಾಲು ಹೋಯಿತು, 30 ಡಿಗ್ರಿ ತಿರುಗಿದರೆ ಪೂರ್ತಿ ಹೋಯಿತು. ಮತ್ತೆ ಒಳಹೊಕ್ಕು ತಿರುಗಿಸಿ ಸರಿಮಾಡಬೇಕಾಗುತ್ತದೆ.

ಹಳೆಯ ಮಾದರಿಯ ಐಸಿಎಲ್‌ನಲ್ಲಿ ನೀರು ಹರಿಯಲೆಂದು ಐರಿಸಿನಲ್ಲಿ ಲೇಸರಿನಿಂದ ಮುಂಚೆಯೇ ತೂತು ಮಾಡುತ್ತಿದ್ದರು. ಈಗಿನ ಇವೋ ಮಾದರಿಯಲ್ಲಿ ಲೆನ್ಸಿನ ನಡುವೆಯೇ 0.36 ಮಿ.ಮೀ. ರಂಧ್ರವಿದೆ, ಆ ಕೆಲಸ ತಪ್ಪಿತು. ಈ ಮಾದರಿಗೆ ಎಫ್‌ಡಿಎ ಒಪ್ಪಿಗೆ ಸಿಕ್ಕಿದ್ದು 2022ರಲ್ಲಿ. ಆ ರಂಧ್ರದ ಅಂಚಿನಿಂದ ಮೊದಲ ಕೆಲವು ವಾರ ದೀಪದ ಸುತ್ತ ತೆಳುವಾದ ಉಂಗುರ ಕಾಣುವುದುಂಟು. ಹೆಚ್ಚಿನವರಿಗೆ ಬರಬರುತ್ತಾ ಅದು ಗಮನಕ್ಕೇ ಬರುವುದಿಲ್ಲ.

“ಬೇಡವಾದರೆ ತೆಗೆಸಬಹುದು” ಎಂಬ ಮಾತು ನಿಜ. ಆದರೆ ತೆಗೆಯುವುದೂ ಒಂದು ಆಪರೇಷನ್ನೇ. ಕಣ್ಣನ್ನು ಮತ್ತೆ ತೆರೆದಾಗ ಎಂಡೋಥೀಲಿಯಂ ಕೋಶಗಳಲ್ಲಿ ಇನ್ನಷ್ಟು ಹೋಗುತ್ತವೆ. ಬಾಡಿಗೆ ಮನೆ ಖಾಲಿ ಮಾಡಿದಷ್ಟು ಸುಲಭ ಎಂದುಕೊಳ್ಳಬೇಡಿ.

ಹಂತ 6: ಎರಡೂ ಆಗುತ್ತದೆ ಎಂದಾದರೆ

ಎರಡಕ್ಕೂ ಹೊಂದುವ ಕಣ್ಣುಗಳು ಬಹಳ, ಮುಖ್ಯವಾಗಿ ಮೈನಸ್ 4ರಿಂದ 8ರವರೆಗೆ. ಆಗ ನಿಮ್ಮ ದಿನಚರಿ ನೋಡಿ.

ಕಣ್ಣು ಈಗಾಗಲೇ ಒಣಗುತ್ತಿದ್ದರೆ ಲೆನ್ಸಿನ ಕಡೆ ವಾಲಿ. ಲೇಸಿಕ್‌ನಲ್ಲಿ ಫ್ಲ್ಯಾಪಿನ ಜೊತೆ ಕಾರ್ನಿಯಾದ ನರಗಳೂ ತುಂಡಾಗುತ್ತವೆ. ಕಣ್ಣೀರಿನ ಪ್ರಚೋದನೆ ಮರಳಲು ಮೂರರಿಂದ ಆರು ತಿಂಗಳು, ಕೆಲವರಿಗೆ ಅದಕ್ಕೂ ಹೆಚ್ಚು ಬೇಕು. ಸ್ಮೈಲ್‌ನಲ್ಲಿ ಇದು ಕಡಿಮೆ. ಎಸಿ ರೂಮಿನಲ್ಲಿ ಹತ್ತು ಗಂಟೆ ಕಂಪ್ಯೂಟರ್ ನೋಡುವವರು ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು.

ಕಬಡ್ಡಿ, ಬಾಕ್ಸಿಂಗ್, ಬಾಸ್ಕೆಟ್‌ಬಾಲ್ ಆಡುವವರಿಗೆ ಫ್ಲ್ಯಾಪ್ ಇರುವ ಲೇಸಿಕ್ ಹಿಡಿಸದು. ಫ್ಲ್ಯಾಪ್ ಮಾಯುತ್ತದೆ, ಆದರೆ ಮೊದಲಿನ ಗಟ್ಟಿತನ ಬರುವುದಿಲ್ಲ. ವರ್ಷಗಳ ಮೇಲೂ ಬೆರಳು ಚುಚ್ಚಿ ಜರುಗಿದ ಪ್ರಸಂಗಗಳಿವೆ. ಪಿಆರ್‌ಕೆ ಅಥವಾ ಸ್ಮೈಲ್ ಕೇಳಿ.

ನೌಕರಿಯ ನಿಯಮವನ್ನು ಆಪರೇಷನ್ನಿಗೆ ಮೊದಲು ಓದಿ. ರೈಲ್ವೆಯ ಸಹಾಯಕ ಲೋಕೋ ಪೈಲಟ್ ಹುದ್ದೆಗೆ ಲೇಸಿಕ್ ಅಥವಾ ಪವರ್ ತಿದ್ದುವ ಯಾವುದೇ ಆಪರೇಷನ್ ಆಗಿದ್ದರೆ ಅನರ್ಹರು. ಸೇನೆಯ ಮೂರೂ ಪಡೆಗಳಿಗೆ ಅವರವರದೇ ಷರತ್ತುಗಳಿವೆ, ಲೇಸರ್ ಒಪ್ಪುವ ಹುದ್ದೆ ಒಳಗಿನ ಲೆನ್ಸನ್ನು ಒಪ್ಪಲೇಬೇಕೆಂದಿಲ್ಲ. ಆ ವರ್ಷದ ಅಧಿಸೂಚನೆಯನ್ನೇ ನೋಡಿ.

ವಯಸ್ಸು 38, 40 ಆಗಿದ್ದರೆ ಇನ್ನೊಂದು ಯೋಚನೆ. ಮೈನಸ್ 2 ಇರುವವರು ನಲವತ್ತೈದರಲ್ಲೂ ಕನ್ನಡಕ ತೆಗೆದಿಟ್ಟು ಪೇಪರ್ ಓದುತ್ತಾರೆ. ಪವರನ್ನು ಸೊನ್ನೆ ಮಾಡಿಸಿಕೊಂಡರೆ ಆ ಅನುಕೂಲ ಹೋಗಿ ಓದುವ ಕನ್ನಡಕ ಬರುತ್ತದೆ. ಸೂಜಿಗೆ ದಾರ ಪೋಣಿಸುವವರು, ಚಿನ್ನದ ಕುಸುರಿಯವರು, ವಾಚ್ ರಿಪೇರಿಯವರು ಇದನ್ನು ಯೋಚಿಸಿಯೇ ಮುಂದುವರಿಯಬೇಕು.

ಹಂತ 7: ದುಡ್ಡು ಮತ್ತು ವಿಮೆ

ಲೆನ್ಸ್ ಸಾಮಾನ್ಯವಾಗಿ ಲೇಸಿಕ್ಕಿಗಿಂತ ಬಹಳ ದುಬಾರಿ, ಟೋರಿಕ್ ಆದರೆ ಇನ್ನೂ ಹೆಚ್ಚು. ಹೇಳಿದ ದರ ಒಂದು ಕಣ್ಣಿಗೋ ಎರಡಕ್ಕೋ, ಪರೀಕ್ಷೆ, ಔಷಧಿ, ಒಂದು ವರ್ಷದ ಭೇಟಿಗಳು ಸೇರಿವೆಯೋ, ಸ್ವಲ್ಪ ಪವರ್ ಉಳಿದರೆ ಮರುಚಿಕಿತ್ಸೆ ಉಚಿತವೋ, ಎಷ್ಟು ವರ್ಷದವರೆಗೆ, ಎಲ್ಲವನ್ನೂ ಬರಹದಲ್ಲಿ ಪಡೆಯಿರಿ.

ವಿಮೆ ಸಿಗುವುದೇ ಇಲ್ಲ ಎಂದು ಕೈಬಿಡುವವರು ಇದನ್ನು ಓದಿ. ವಿಮಾ ಕಂಪನಿಗಳನ್ನು ನಿಯಂತ್ರಿಸುವ ಐಆರ್‌ಡಿಎಐ ರೂಪಿಸಿದ, ವಿಮೆ ಸಿಗದ ಚಿಕಿತ್ಸೆಗಳ ಏಕರೂಪದ ಪಟ್ಟಿಯಲ್ಲಿ 15ನೆಯದು ದೃಷ್ಟಿದೋಷದ ಚಿಕಿತ್ಸೆಯನ್ನು ಹೊರಗಿಡುತ್ತದೆ, ಆದರೆ 7.5 ಡಯಾಪ್ಟರ್‌ಗಿಂತ (ಪವರಿನ ಅಳತೆ) ಕಡಿಮೆ ಇದ್ದರೆ ಮಾತ್ರ. 7.5 ಅಥವಾ ಹೆಚ್ಚಿದ್ದರೆ ಆ ಕಾರಣ ಹೇಳಿ ತಿರಸ್ಕರಿಸಲು ಬರುವುದಿಲ್ಲ. ಪಾಲಿಸಿಯ ಕಾಯುವ ಅವಧಿ, ಬೇರೆ ಮಿತಿಗಳು ಇದ್ದೇ ಇರುತ್ತವೆ. ಪವರ್ ನಮೂದಿಸಿದ ವೈದ್ಯರ ಪತ್ರದೊಂದಿಗೆ ಮುಂಗಡ ಒಪ್ಪಿಗೆ ಕೇಳಿ, ಆಪರೇಷನ್ ಆದ ಮೇಲೆ ಅಲ್ಲ.

ಹಂತ 8: ಆ ದಿನ

ಕಾಡಿಗೆ, ಮೇಕಪ್ ಹಿಂದಿನ ದಿನವೇ ನಿಲ್ಲಿಸಿ. ಲೇಸರ್ ದಿನ ಸೆಂಟು, ಬಾಡಿ ಸ್ಪ್ರೇ ಬೇಡ, ಅದರ ಆವಿ ಲೇಸರಿನ ಶಕ್ತಿಯನ್ನು ಏರುಪೇರು ಮಾಡಬಲ್ಲದು. ಬೆಳಿಗ್ಗೆ ತಲೆಸ್ನಾನ ಮುಗಿಸಿಕೊಳ್ಳಿ, ಮುಂದಿನ ಒಂದು ವಾರ ಕಣ್ಣಿಗೆ ನೀರು ಬೀಳುವಂತಿಲ್ಲ.

ಲೇಸಿಕ್‌ನಲ್ಲಿ ಹನಿಯಿಂದ ಮರಗಟ್ಟಿಸುತ್ತಾರೆ, ಇಂಜೆಕ್ಷನ್ ಇಲ್ಲ. ಫ್ಲ್ಯಾಪ್ ಮಾಡುವಾಗ ಕಣ್ಣಿಗೆ ಒಂದು ಉಂಗುರ ಕಚ್ಚಿ ಹಿಡಿಯುತ್ತದೆ, ಒತ್ತಿದಂತಾಗಿ ಕೆಲವು ಸೆಕೆಂಡು ಎಲ್ಲ ಮಂಕಾಗುತ್ತದೆ. ಗಾಬರಿಯಿಂದ ತಲೆ ಎಳೆದರೆ ಹಿಡಿತ ತಪ್ಪಿ ಕೆಲಸ ನಿಲ್ಲಿಸಬೇಕಾಗುತ್ತದೆ. ಆಮೇಲೆ ಹೆರೆಯುವಾಗ ಟಕಟಕ ಸದ್ದು, ಕೂದಲು ಸುಟ್ಟಂಥ ವಾಸನೆ ಬರುತ್ತದೆ. ಕಣ್ಣೇನೂ ಸುಡುತ್ತಿಲ್ಲ. ಮಿನುಗುವ ದೀಪವನ್ನೇ ನೋಡುತ್ತಿರಿ. ಎರಡೂ ಕಣ್ಣು ಸೇರಿ ಅರ್ಧ ಗಂಟೆಯೊಳಗೆ ಮುಗಿಯುತ್ತದೆ.

ಲೆನ್ಸಿಗೆ ಒಂದು ಕಣ್ಣಿಗೆ 15ರಿಂದ 20 ನಿಮಿಷ. ಲೋಳೆಯಂಥ ದ್ರವ ತುಂಬಿ ಜಾಗ ಮಾಡಿ, ಲೆನ್ಸ್ ಬಿಟ್ಟು, ಅದರ ನಾಲ್ಕು ಮೂಲೆಗಳನ್ನು ಒಂದೊಂದಾಗಿ ಐರಿಸಿನ ಹಿಂದೆ ಸೇರಿಸಿ, ಕೊನೆಗೆ ಆ ಲೋಳೆಯನ್ನು ತೊಳೆದು ತೆಗೆಯುತ್ತಾರೆ. ಎರಡು ಕಣ್ಣಿಗೂ ಒಂದೇ ದಿನ ಮಾಡಿಸಿಕೊಳ್ಳಬೇಕೆಂಬ ಹಟ ಬೇಡ. ಕಣ್ಣೊಳಗಿನ ಸೋಂಕು ಅಪರೂಪ, ಆದರೆ ಬಂದರೆ ಒಂದರಲ್ಲೇ ಬರಲಿ ಎಂದು ದಿನ ಬಿಟ್ಟು ಮಾಡುವ ಸರ್ಜನ್ನರ ಮಾತಿನಲ್ಲಿ ಅರ್ಥವಿದೆ.

ಲೋಳೆ ಒಳಗೆ ಸ್ವಲ್ಪ ಉಳಿದರೂ ಅದೇ ದಿನ ಒತ್ತಡ ಏರುತ್ತದೆ. ಕೆಲವು ಗಂಟೆ ಅಲ್ಲೇ ಕೂರಿಸಿ, ಒತ್ತಡ ಅಳೆದು ಕಳಿಸಬೇಕು. ಅಳೆಯದೆ ಹೊರಡಬೇಡಿ. ರಾತ್ರಿ ಕಣ್ಣು ಸಿಡಿದಂತೆ ನೋವು, ತಲೆನೋವು, ವಾಂತಿ ಬಂದರೆ ಪಿತ್ತ ಎಂದು ನಿಂಬೆಹಣ್ಣಿನ ಶರಬತ್ತು ಕುಡಿದು ಮಲಗುವುದಲ್ಲ, ಆ ಹೊತ್ತಿಗೇ ಆಸ್ಪತ್ರೆಗೆ ಫೋನ್ ಮಾಡಿ ಹೊರಡಬೇಕು.

ಹಂತ 9: ಆಮೇಲಿನ ದಿನಗಳು

ಮರುದಿನದ ಭೇಟಿ ತಪ್ಪಿಸಬೇಡಿ, ಚೆನ್ನಾಗಿ ಕಾಣುತ್ತಿದ್ದರೂ. ಫ್ಲ್ಯಾಪಿನಡಿಯ ಉರಿಯೂತ ಮೊದಲ ದಿನಗಳಲ್ಲೇ ಶುರುವಾಗುತ್ತದೆ, ನಿಮಗೆ ತಿಳಿಯುವ ಮುಂಚೆ ವೈದ್ಯರಿಗೆ ಕಾಣುತ್ತದೆ. ಲೆನ್ಸ್ ಹಾಕಿಸಿದವರಿಗೆ ಒತ್ತಡ ಮತ್ತು ವಾಲ್ಟ್ ನೋಡುತ್ತಾರೆ. ವಾಲ್ಟ್ ಎಷ್ಟು ಬಂತೆಂದು ಕೇಳಿ ಬರೆದುಕೊಳ್ಳಿ.

ಮಲಗುವಾಗ ಕೊಟ್ಟ ಕಣ್ಣುಕವಚ ಕಟ್ಟಿಕೊಳ್ಳಿ. ನಿದ್ದೆಗಣ್ಣಿನಲ್ಲಿ ಉಜ್ಜಿದರೆ ಫ್ಲ್ಯಾಪ್ ಸುಕ್ಕುಗಟ್ಟುತ್ತದೆ. ಒಗ್ಗರಣೆಯ ಹೊಗೆ, ಹೋಳಿಯ ಬಣ್ಣ, ಈಜುಕೊಳ ತಿಂಗಳ ಮಟ್ಟಿಗೆ ದೂರವಿರಲಿ. ಪಿಆರ್‌ಕೆ ಆದವರಿಗೆ ನಾಲ್ಕೈದು ದಿನ ಬ್ಯಾಂಡೇಜ್ ಲೆನ್ಸ್ ಇರುತ್ತದೆ, ಅದು ತಾನಾಗಿ ಬಿದ್ದರೆ ತೊಳೆದು ಮತ್ತೆ ಹಾಕಿಕೊಳ್ಳಬೇಡಿ. ಅವರಿಗೆ ದೃಷ್ಟಿ ತಿಳಿಯಾಗಲು ವಾರಗಳೇ ಬೇಕು, ಕೆಲವು ತಿಂಗಳು ಬಿಸಿಲಿಗೆ ಹೋಗುವಾಗ ಕಪ್ಪು ಕನ್ನಡಕ ಬೇಕು.

ಸ್ಟೀರಾಯ್ಡ್ ಹನಿಯನ್ನು ಬರೆದುಕೊಟ್ಟ ದಿನಗಳ ಮೇಲೆ ಒಂದು ದಿನವೂ ಹಾಕಬೇಡಿ. ಎರಡು ಮೂರು ವಾರ ಹಾಕಿದಾಗ ಕೆಲವರಿಗೆ ನೋವೇ ಇಲ್ಲದೆ ಒತ್ತಡ ಏರುತ್ತದೆ. ಹಳೆಯ ಚೀಟಿ ತೋರಿಸಿ ಮೆಡಿಕಲ್ ಶಾಪಿನಲ್ಲಿ ಅದೇ ಬಾಟಲಿ ಮತ್ತೆ ಕೊಳ್ಳುವ ಅಭ್ಯಾಸದಿಂದ ನರ ಹಾಳಾಗಿ ದೃಷ್ಟಿ ಕಳೆದುಕೊಂಡರೆ ಅದು ಮರಳುವುದಿಲ್ಲ.

ತಡಮಾಡದೆ ಓಡಬೇಕಾದ ಲಕ್ಷಣಗಳು: ಚೆನ್ನಾಗಿ ಕಾಣುತ್ತಿದ್ದ ಕಣ್ಣು ಮತ್ತೆ ಮಸುಕಾಗುವುದು, ದಿನ ಕಳೆದಂತೆ ಏರುವ ನೋವು ಮತ್ತು ಕೆಂಪು, ಬೆಳಕು ಸಹಿಸಲಾಗದಿರುವುದು. ಯಾವುದೇ ವರ್ಷದಲ್ಲಾಗಲಿ ಕಣ್ಣಂಚಿನಲ್ಲಿ ಮಿಂಚು, ಇದ್ದಕ್ಕಿದ್ದಂತೆ ಕಪ್ಪು ಚುಕ್ಕೆಗಳ ಸುರಿಮಳೆ, ಒಂದು ಪಕ್ಕದಿಂದ ಪರದೆ ಎಳೆದಂತಾದರೆ ಅದು ರೆಟಿನಾ. ಅದೇ ದಿನ ತೋರಿಸಿ.

ಲೆನ್ಸ್ ಹಾಕಿಸಿಕೊಂಡವರು ವರ್ಷಕ್ಕೊಮ್ಮೆ ಕೋಶಗಳ ಎಣಿಕೆ, ವಾಲ್ಟ್, ಒತ್ತಡ ಮೂರನ್ನೂ ನೋಡಿಸಬೇಕು. ನಲವತ್ತರ ನಂತರ ಹುಟ್ಟು ಲೆನ್ಸ್ ದಪ್ಪಗಾಗುತ್ತಾ ವಾಲ್ಟ್ ನಿಧಾನವಾಗಿ ಇಳಿಯುತ್ತದೆ.

ಕೊನೆಯದಾಗಿ ಕಾಗದಪತ್ರ. ಆಪರೇಷನ್ನಿಗೆ ಮೊದಲಿನ ಪವರ್, ಕಾರ್ನಿಯಾದ ವಕ್ರತೆಯ ಅಂಕಿಗಳು (ಕೆ1, ಕೆ2 ಎಂದಿರುತ್ತದೆ), ಕಣ್ಣಿನ ಉದ್ದ, ಎಷ್ಟು ಹೆರೆದರು ಎಂಬ ವಿವರ, ಅಥವಾ ಲೆನ್ಸಿನ ಮಾದರಿ, ಪವರ್, ಸೈಜ್, ಕ್ರಮಸಂಖ್ಯೆ ಇರುವ ಕಾರ್ಡು, ಇವನ್ನು ಮನೆಪತ್ರ ಇಡುವ ಜಾಗದಲ್ಲೇ ಇಡಿ, ಫೋಟೋ ತೆಗೆದು ಮನೆಯವರ ಫೋನಿಗೂ ಕಳಿಸಿ. ಅರವತ್ತರಲ್ಲಿ ಪೊರೆ ಬಂದಾಗ, ಲೇಸರಿನಿಂದ ಚಪ್ಪಟೆಯಾದ ಕಾರ್ನಿಯಾಕ್ಕೆ ಸಾಮಾನ್ಯ ಸೂತ್ರ ಹಾಕಿದರೆ ಹೊಸ ಲೆನ್ಸಿನ ಪವರ್ ತಪ್ಪುತ್ತದೆ. ಅಂದು ಕೂತ ವೈದ್ಯರು ಮೊದಲು ಕೇಳುವುದು ಈ ಹಾಳೆಯನ್ನೇ.